ಏಳು ಹೆಸರು, ಎರಡು ಪಾಯ: ನಮ್ಮೂರ ಯೋಧರ ಸ್ಮಾರಕ ಕಟ್ಟಿದ ಲೆಕ್ಕ

ಕಲ್ಲು ನಿಂತು ನಾಲ್ಕು ತಿಂಗಳಾಯಿತು. ಪಕ್ಕದ ಎರಡು ಊರಿನ ಮಾಜಿ ಸೈನಿಕರು ಬಂದು ನೋಡಿಕೊಂಡು ಹೋದರು. ‘ನಮ್ಮಲ್ಲೂ ಒಂದು ಆಗಬೇಕು, ಹೇಗೆ ಮಾಡಿದ್ರಿ, ಎಷ್ಟಾಯ್ತು’ ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಹಾಗಾಗಿ ಡೈರಿಯಲ್ಲಿ ಬರೆದಿಟ್ಟಿದ್ದನ್ನು ಕ್ರಮವಾಗಿ ಇಲ್ಲಿ ಹಾಕುತ್ತಿದ್ದೇನೆ. ತಪ್ಪು ಮಾಡಿದ ಕಡೆ ಹೆಚ್ಚು ಬರೆದಿದ್ದೇನೆ. ಒಟ್ಟು ಖರ್ಚಿನಲ್ಲಿ 53,900 ರೂಪಾಯಿ ಬರೀ ತಪ್ಪಿಗೆ ಹೋಗಿದೆ. ನಿಮ್ಮ ಊರಿನ ದುಡ್ಡು ಹಾಗೆ ಹೋಗಬಾರದು.

ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ (ಎಂಇಜಿ) 22 ವರ್ಷ ಇದ್ದು ಹವಲ್ದಾರ್ ಆಗಿ ನಿವೃತ್ತನಾದವನು. ಊರು ಕೊಡಗಿನ ಸೋಮವಾರಪೇಟೆ ತಾಲ್ಲೂಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1899ರ ಜನವರಿ 28ರಂದು ಹುಟ್ಟಿದ ಶನಿವಾರಸಂತೆ ನಮ್ಮ ತಾಲ್ಲೂಕೇ. ನಮ್ಮೂರು ಮತ್ತು ಸುತ್ತಲಿನ ನಾಲ್ಕು ಹಳ್ಳಿ ಸೇರಿ ಈಗ 41 ಮಂದಿ ಮಾಜಿ ಸೈನಿಕರಿದ್ದೇವೆ. ವರ್ಷಕ್ಕೊಮ್ಮೆ ಜನವರಿ 15ಕ್ಕೆ, ಅಂದರೆ 1949ರಲ್ಲಿ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ದಂಡನಾಯಕರಾದ ದಿನಕ್ಕೆ, ಶಾಲೆಯ ಹಾಲ್‌ನಲ್ಲಿ ಸೇರುತ್ತಿದ್ದೆವು. ಊಟ ಮಾಡಿ, ಎರಡು ನಿಮಿಷ ಮೌನ ನಿಂತು ಮನೆಗೆ ಹೋಗುತ್ತಿದ್ದೆವು. ಎರಡು ವರ್ಷದ ಹಿಂದೆ ಮೌನ ಮುಗಿದ ಮೇಲೆ ನಮ್ಮ ಸುಬೇದಾರ್ ಸಾಬ್ ಹೇಳಿದರು: ‘ಮೌನ ಯಾರಿಗೆ ನಿಂತಿದ್ದು ಅಂತ ಈ ಮಕ್ಕಳನ್ನು ಕೇಳಿ. ಒಂದು ಹೆಸರು ಹೇಳಲಿ ನೋಡೋಣ.’ ಯಾವ ಮಗುವೂ ಹೇಳಲಿಲ್ಲ. ಕೆಲಸ ಶುರುವಾಗಿದ್ದು ಅಲ್ಲಿಂದ.

ಹಂತ 1. ಹೆಸರು ಕೂಡಿಸಿದ್ದು (ಅಕ್ಟೋಬರ್‌ನಿಂದ ಜನವರಿ)

ಮೊದಲು ನಕ್ಷೆ ಬರೆಸಬೇಡಿ, ಮೊದಲು ಹೆಸರು ಕೂಡಿಸಿ. ಹೆಸರು ಎಷ್ಟು ಎಂದು ಗೊತ್ತಾಗದೆ ಕಲ್ಲಿನ ಅಳತೆ ಹೇಳಲಾಗುವುದಿಲ್ಲ.

ನಾವು ನಾಲ್ಕು ಎಂದುಕೊಂಡಿದ್ದೆವು. ಮನೆ ಮನೆ ತಿರುಗಿದ ಮೇಲೆ ಏಳಾಯಿತು. ಬರ್ಮಾದಲ್ಲಿ ಎರಡನೇ ಮಹಾಯುದ್ಧಕ್ಕೆ ಹೋದವರೊಬ್ಬರು, 1965ರಲ್ಲಿ ಒಬ್ಬರು, 1971ರಲ್ಲಿ ಒಬ್ಬರು, ಶ್ರೀಲಂಕಾದ ಶಾಂತಿಪಡೆಯಲ್ಲಿ ಒಬ್ಬರು, ಸಿಯಾಚಿನ್‌ನಲ್ಲಿ ಒಬ್ಬರು, ಕಾಶ್ಮೀರದಲ್ಲಿ ಇಬ್ಬರು. ಬರ್ಮಾದವರ ವಿಷಯ ಅವರ ಮೊಮ್ಮಗನಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಪದಕ ಮತ್ತು ಅರ್ಧ ಹರಿದ ಪತ್ರ ಸಿಕ್ಕಿತು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನವರು ಎರಡು ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಇಟ್ಟಿದ್ದಾರೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಗೋರಿ ಸಿಗದ ಸುಮಾರು 27 ಸಾವಿರ ಜನರ ಹೆಸರು ಕೊರೆದ ರಂಗೂನ್ ಸ್ಮಾರಕದ ಪಟ್ಟಿಯಲ್ಲಿ ನಮ್ಮವರ ಹೆಸರು ಸಿಕ್ಕಿತು. ಅಂದರೆ ದೂರದ ಬರ್ಮಾದ ಕಲ್ಲಿನ ಮೇಲೆ ಅವರ ಹೆಸರು ಇತ್ತು, ಹುಟ್ಟಿದ ಊರಿನಲ್ಲಿ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಯಾಚಿನ್‌ನವರ ಬಗ್ಗೆ ಸಭೆಯಲ್ಲಿ ಮಾತು ಬಂತು. ಅವರು ಗುಂಡು ತಾಗಿ ಹೋದವರಲ್ಲ, ಹಿಮ ಕುಸಿದು ಹೋದವರು. ‘ಯುದ್ಧದಲ್ಲಿ ಮಡಿದವರು’ ಎಂದು ಬರೆದ ಕಲ್ಲಿನಲ್ಲಿ ಸೇರಿಸಬಹುದಾ ಎಂದು ಒಬ್ಬರು ಕೇಳಿದರು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಾಗಿನಿಂದ ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕ್ಕೆ ಹೋದವರೇ ಹೆಚ್ಚು. ಸುಬೇದಾರ್ ಸಾಬ್ ಒಂದೇ ಮಾತು ಹೇಳಿದರು: ‘ಡ್ಯೂಟಿಗೆ ಹೋದ, ಡ್ಯೂಟಿಯಿಂದ ವಾಪಸ್ ಬರಲಿಲ್ಲ. ಇದಕ್ಕಿಂತ ಏನು ಬೇಕು?’ ಕಲ್ಲಿನ ಸಾಲನ್ನು ‘ಕರ್ತವ್ಯದಲ್ಲಿ ಮಡಿದವರು’ ಎಂದು ಬದಲಾಯಿಸಿದೆವು.

ಇನ್ನೊಂದು ಚರ್ಚೆ ಕ್ರಮದ್ದು. ರ‍್ಯಾಂಕ್ ಪ್ರಕಾರ ಬರೆಯುವುದಾ, ವರ್ಷದ ಪ್ರಕಾರವಾ? ವರ್ಷದ ಪ್ರಕಾರ ಎಂದು ತೀರ್ಮಾನವಾಯಿತು. ಸಿಪಾಯಿಯ ಹೆಸರು ನಾಯಬ್ ಸುಬೇದಾರರ ಮೇಲೆ ಬಂತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಪ್ರತಿ ಹೆಸರಿಗೂ ಐದು ವಿವರ: ಸೇವಾ ಸಂಖ್ಯೆ, ರ‍್ಯಾಂಕ್, ಹೆಸರು, ರೆಜಿಮೆಂಟ್, ವರ್ಷ. ಮನೆಯವರ ಹತ್ತಿರ ಪಿಂಚಣಿ ಆದೇಶದ ಪ್ರತಿ ಇದ್ದರೆ ನಾಲ್ಕು ವಿವರ ಅದರಲ್ಲೇ ಸಿಗುತ್ತವೆ. ಇಲ್ಲದಿದ್ದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಬೇಕು. ನಾವು ಮೂರು ಪತ್ರ ಬರೆದೆವು. ಒಂದಕ್ಕೆ 20 ದಿನದಲ್ಲಿ ಉತ್ತರ ಬಂತು, ಎರಡನೆಯದಕ್ಕೆ 3 ತಿಂಗಳು. ಮೂರನೆಯದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಆದರೆ ಕಷ್ಟ ಇದ್ದಿದ್ದು ಸಂಖ್ಯೆಯಲ್ಲಲ್ಲ, ಹೆಸರಲ್ಲೇ. ಸೇನೆಯ ದಾಖಲೆ ಇಂಗ್ಲಿಷಿನಲ್ಲಿ. ಅಲ್ಲಿಂದ ಕನ್ನಡಕ್ಕೆ ತಂದರೆ ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಜನರಲ್ ತಿಮ್ಮಯ್ಯನವರ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಮ’ ಒಂದೇ, ನಾವು ಬರೆಯುವುದು ಒತ್ತು ಕೊಟ್ಟು. ಕಾರ್ಯಪ್ಪ ಎಂದೂ ಬರೆಯುತ್ತಾರೆ, ಕಾರಿಯಪ್ಪ ಎಂದೂ ಬರೆಯುತ್ತಾರೆ. ಅದಕ್ಕಿಂತ ದೊಡ್ಡ ಸಮಸ್ಯೆ ಮನೆತನದ ಹೆಸರಿನದು. ಕಾರ್ಯಪ್ಪನವರೂ ತಿಮ್ಮಯ್ಯನವರೂ ಕೊಡಂದೇರ ಮನೆತನದವರು. ದಾಖಲೆಯಲ್ಲಿ ಅದು ಬರೀ ‘ಕೆ.’ ಆಗಿ ಕೂತಿದೆ. ಅವರು ದೊಡ್ಡವರು, ಕೆ. ಅಂದರೆ ಏನೆಂದು ನಾಡಿಗೆಲ್ಲ ಗೊತ್ತು. ನಮ್ಮ ಸಿಪಾಯಿಯ ಇನಿಶಿಯಲ್ ಏನೆಂದು ಮನೆಯ ಹಿರಿಯರು ಇರುವ ತನಕ ಮಾತ್ರ ಗೊತ್ತಿರುತ್ತದೆ. ಆದ್ದರಿಂದ ಎರಡು ಫಲಕ ಎಂದು ನಿಶ್ಚಯಿಸಿದೆವು. ಇಂಗ್ಲಿಷ್ ಫಲಕದಲ್ಲಿ ದಾಖಲೆಯಲ್ಲಿ ಇದ್ದ ಹಾಗೆ, ಕನ್ನಡ ಫಲಕದಲ್ಲಿ ಮನೆಯವರು ಹೇಳಿದ ಹಾಗೆ, ಮನೆತನದ ಹೆಸರು ಪೂರ್ತಿ ಬಿಡಿಸಿ. ಸೇವಾ ಸಂಖ್ಯೆ ಎರಡರಲ್ಲೂ ಒಂದೇ.

ಹಂತ 2. ಜಾಗ ಮತ್ತು ದುಡ್ಡು (ಜನವರಿ, ಫೆಬ್ರವರಿ)

ಶಾಲೆಯ ಆಟದ ಮೈದಾನದ ಮೂಲೆ, ರಸ್ತೆಗೆ ಕಾಣುವ ಹಾಗೆ 14 ಅಡಿ ಉದ್ದ, 10 ಅಡಿ ಅಗಲ. ಪಂಚಾಯಿತಿ ಮತ್ತು ಶಾಲೆ ಎರಡೂ ಕಡೆಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡೆವು. ಬಾಯಿಮಾತಿನ ಒಪ್ಪಿಗೆಯ ಮೇಲೆ ಪಾಯ ತೆಗೆಯಬೇಡಿ.

41 ಜನ ತಲಾ 5,000, ಒಟ್ಟು 2,05,000. ಊರವರು ಕೊಟ್ಟದ್ದು 88,000. ಮಡಿದವರ ಮನೆಯಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ದಾನಿಗಳ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ ಎಂದು ಮೊದಲೇ ಹೇಳಿದೆವು. ಹಾಗೆ ಹೇಳಿದ್ದಕ್ಕೆ ಒಂದಿಬ್ಬರು ದೊಡ್ಡ ಮೊತ್ತ ಕೊಡುವವರು ಹಿಂದೆ ಸರಿದರು. ಸರಿಯಾಗಿಯೇ ಮಾಡಿದೆವು ಎಂದು ಈಗಲೂ ನನಗನ್ನಿಸುತ್ತದೆ. ಆ ಕಲ್ಲಿನ ಮೇಲೆ ಜಾಗ ಸಂಪಾದಿಸಿದವರು ಏಳೇ ಜನ.

ಮಡಿಕೇರಿಗೆ ಒಂದು ದಿನ ಹೋಗಿ ಬಂದೆವು. ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯ, 2021ರ ಫೆಬ್ರವರಿ 6ರಂದು ರಾಷ್ಟ್ರಪತಿಗಳು ಉದ್ಘಾಟಿಸಿದ್ದು. ಕಲ್ಲಿನ ಜೋಡಣೆ ಹೇಗಿರಬೇಕು, ಅಕ್ಷರ ಎಷ್ಟು ದೂರಕ್ಕೆ ಓದಲು ಬರುತ್ತದೆ ಎಂಬುದನ್ನು ಊರೂರಿನ ಫಲಕಗಳ ಮುಂದೆ ನಿಂತು ಟೇಪ್ ಹಿಡಿದು ನೋಡಿದೆವು. ಮುಕ್ಕಾಲು ಇಂಚಿಗಿಂತ ಚಿಕ್ಕ ಅಕ್ಷರ 8 ಅಡಿ ದೂರದಲ್ಲಿ ವಯಸ್ಸಾದವರಿಗೆ ಕಾಣುವುದಿಲ್ಲ. ನಮ್ಮದು ಒಂದೂಕಾಲು ಇಂಚು ಎಂದು ಅಲ್ಲೇ ಬರೆದುಕೊಂಡೆ.

ಹಂತ 3. ಮೊದಲ ಪಾಯ, ತಪ್ಪು ಪಾಯ (ಮಾರ್ಚ್ 4ರಿಂದ 20)

ಕಾಫಿ ಕುಯ್ಲು ಮುಗಿಯದೆ ಆಳು ಸಿಗುವುದಿಲ್ಲ. ಮಾರ್ಚ್ ಮೊದಲ ವಾರ ಒಬ್ಬ ಮೇಸ್ತ್ರಿ, ಇಬ್ಬರು ಆಳು ಸಿಕ್ಕಿದರು. ಮಿಕ್ಕಿದ್ದು ನಮ್ಮದೇ ಶ್ರಮದಾನ. ಪೀಠದ ಕೆಳಗೆ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳ ತೆಗೆದೆವು. ಮಣ್ಣು ಸಲೀಸಾಗಿ ಬಂತು. ಸಲೀಸಾಗಿ ಬಂದಾಗಲೇ ನಾನು ನಿಲ್ಲಿಸಬೇಕಿತ್ತು.

ಮೈದಾನ ಮಾಡುವಾಗ ಮೇಲಿನ ದಿಣ್ಣೆ ಕಡಿದು ಈ ಮೂಲೆಗೆ ಮಣ್ಣು ತುಂಬಿದ್ದರು. ಊರಿನ ಹಿರಿಯರಿಗೆ ಗೊತ್ತಿತ್ತು, ನಾನು ಕೇಳಲಿಲ್ಲ. ಸ್ಯಾಪರ್ (ಸೇನೆಯ ಎಂಜಿನಿಯರ್ ದಳದ ಸಿಪಾಯಿ) ಆಗಿ 22 ವರ್ಷ ಪಾಯ ನೋಡಿದವನು ನಾನು, ನಾನೇ ಮುಂದೆ ನಿಂತು ಕೆಲಸ ಮಾಡಿಸಿದ್ದು. ಕಾಂಕ್ರೀಟ್ ಹಾಕಿ, ಮೇಲೆ ಸೈಜುಗಲ್ಲು ಕಟ್ಟಿ, 5 ಅಡಿಗೆ 3 ಅಡಿಯ ಪೀಠ ಎರಡೂವರೆ ಅಡಿ ಎತ್ತರಕ್ಕೆ ಬಂತು. ಖರ್ಚು 31,400.

ಏಪ್ರಿಲ್ 6ಕ್ಕೆ ಹೂಮಳೆ ಬಂತು. ಒಳ್ಳೆಯ ಮಳೆ, ಎರಡು ದಿನ. ಕಾಫಿ ಹೂವಿಗೆ ಎಲ್ಲರೂ ಖುಷಿಪಡುತ್ತಿದ್ದರು. ನಾನು ಪೀಠ ನೋಡಲು ಹೋದೆ. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ 30 ಅಡಿ ಲೆವೆಲ್ ಟ್ಯೂಬ್‌ಗೆ ನೀರು ತುಂಬಿ ನಾಲ್ಕು ಮೂಲೆ ಹಿಡಿದು ನೋಡಿದೆವು. ಇಳಿಜಾರಿನ ಕಡೆಯ ಮೂಲೆ 18 ಮಿಲಿಮೀಟರ್ ಕೆಳಗೆ. ಎರಡು ವಾರ ಬಿಟ್ಟು ಇನ್ನೊಂದು ಮಳೆ ಆದ ಮೇಲೆ ನೋಡಿದಾಗ 23.

ಮೇಸ್ತ್ರಿ ಹೇಳಿದ, ‘ಅಣ್ಣ, ಮೇಲಿಂದ ಗಾರೆ ಹಾಕಿ ಸಮ ಮಾಡಿಬಿಡೋಣ, ಯಾರಿಗೂ ಗೊತ್ತಾಗಲ್ಲ.’ ಇದರ ಮೇಲೆ ಮುಕ್ಕಾಲು ಟನ್ ಕಲ್ಲು ನಿಲ್ಲಬೇಕು, ಪಕ್ಕದಲ್ಲಿ ಮಕ್ಕಳು ಆಡುತ್ತಾರೆ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ನೆನೆದ ಮಣ್ಣು ಗುಡ್ಡ ಗುಡ್ಡವೇ ಜಾರಿದ್ದನ್ನು ಕಣ್ಣಾರೆ ಕಂಡವರು ನಾವು. ಸಭೆ ಕರೆದು ‘ತಪ್ಪು ನನ್ನದು, ಒಡೆಯಬೇಕು’ ಎಂದು ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಎಲ್ಲರದೂ ಪಿಂಚಣಿ ದುಡ್ಡು. ಸುಬೇದಾರ್ ಸಾಬ್ ಏಳುತ್ತಲೇ ‘ಸುತ್ತಿಗೆ ಎಷ್ಟು ಇವೆ’ ಎಂದು ಕೇಳಿದರು, ಬೇರೆ ಏನೂ ಕೇಳಲಿಲ್ಲ.

ಹಂತ 4. ಎರಡನೇ ಪಾಯ (ಮೇ 2ರಿಂದ 27)

ಒಡೆಯಲು 3 ದಿನ. ಒಡೆದ ಸೈಜುಗಲ್ಲಿನಲ್ಲಿ ಮುಕ್ಕಾಲು ಪಾಲು ಮತ್ತೆ ಬಳಕೆಗೆ ಬಂತು. ಈ ಸಲ ಅಗೆಯುತ್ತಲೇ ಹೋದೆವು. ನಾಲ್ಕು ಅಡಿ ತನಕ ತುಂಬಿದ ಮಣ್ಣು, ಅದರಲ್ಲಿ ಹಳೆಯ ಹೆಂಚಿನ ಚೂರು, ಒಂದು ರಬ್ಬರ್ ಚೆಂಡು ಕೂಡ ಸಿಕ್ಕಿತು. ಐದೂವರೆ ಅಡಿಯಲ್ಲಿ ಬಣ್ಣ ಬದಲಾಯಿತು. 6 ಅಡಿಯಲ್ಲಿ ಹಾರೆ ಎತ್ತಿ ಹಾಕಿದರೆ ‘ಠಣ್’ ಎಂದು ಹಿಂದಕ್ಕೆ ಚಿಮ್ಮಿತು. ಅದು ಗಟ್ಟಿ ಜಂಬಿಟ್ಟಿಗೆ ನೆಲ. ನಾಲ್ಕು ಮೂಲೆಯಲ್ಲೂ ಅದೇ ಸದ್ದು ಬರುವ ತನಕ ಅಗೆದೆವು.

ಕೆಳಗೆ 6 ಇಂಚು 1:4:8 ಕಾಂಕ್ರೀಟ್ (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ). ಅದರ ಮೇಲೆ 9 ಇಂಚು ದಪ್ಪದ ಕಬ್ಬಿಣ ಹಾಕಿದ ಹಾಸು, 12 ಮಿಲಿಮೀಟರ್ ಸರಳು, 6 ಇಂಚಿಗೊಂದು, ಎರಡೂ ಕಡೆಗೆ. ಮಿಶ್ರಣ 1:1½:3. ನೀರು ಹೆಚ್ಚು ಹಾಕಲು ಬಿಡಲಿಲ್ಲ. ಬಾಣಲಿಯಲ್ಲಿ ಹರಿದಾಡುವ ಕಾಂಕ್ರೀಟ್ ಹಾಕುವವರಿಗೆ ಸುಲಭ, ಪಾಯಕ್ಕೆ ಕೇಡು. ಮೇಲೆ ಸೈಜುಗಲ್ಲು, ಅದರ ಮೇಲೆ ಕಾಂಕ್ರೀಟ್ ಬೆಲ್ಟ್. 14 ದಿನ ಗೋಣಿಚೀಲ ಹಾಸಿ ದಿನಕ್ಕೆ ಮೂರು ಸಲ ನೀರು ಹಾಕಿದೆವು, ಪಾಳಿ ಹಾಕಿಕೊಂಡು, ಸೆಂಟ್ರಿ ಡ್ಯೂಟಿ ಹಾಕುವ ಹಾಗೆ. ಯಾರೂ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ.

ಕಟ್ಟೆಯ ಮೇಲೆ ನೀರು ನಿಲ್ಲದ ಹಾಗೆ ಅಡಿಗೆ ಕಾಲು ಇಂಚು ಇಳಿಜಾರು ಕೊಟ್ಟೆವು. ಸುತ್ತ 9 ಇಂಚಿನ ಚರಂಡಿ. ಮೇಲಿನ ದಿಣ್ಣೆಯಿಂದ ಬರುವ ನೀರು ಪಾಯದ ಹತ್ತಿರ ಸುಳಿಯಬಾರದು. ಒಟ್ಟು 86,500. ಇದರಲ್ಲಿ ಕಟ್ಟೆಯೂ ಸೇರಿದೆ.

ಜೂನ್ 5ಕ್ಕೆ ಮಳೆಗಾಲ ಹಿಡಿಯಿತು. ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನಕ್ಕೆ, ಅನಾವರಣ ಎಂದುಕೊಂಡಿದ್ದೆವು. ಆ ಮಾತು ಅಲ್ಲಿಗೆ ಬಿಟ್ಟೆವು. ಒಂದು ರೀತಿಯಲ್ಲಿ ಒಳ್ಳೆಯದಾಯಿತು. ನಾಲ್ಕು ತಿಂಗಳ ಮಳೆಯನ್ನು ಪಾಯ ಖಾಲಿ ನಿಂತು ಎದುರಿಸಿತು. ಸೆಪ್ಟೆಂಬರ್ 28ಕ್ಕೆ ಟ್ಯೂಬ್ ಹಿಡಿದಾಗ ನಾಲ್ಕೂ ಮೂಲೆ ಸಮ.

ಹಂತ 5. ಬಂದೂಕು ಮತ್ತು ಹೆಲ್ಮೆಟ್ (ಜೂನ್‌ನಿಂದ ಸೆಪ್ಟೆಂಬರ್)

ಮಳೆಯಲ್ಲಿ ಒಳಗಿನ ಕೆಲಸ. ಬಯೊನೆಟ್ ನೆಲಕ್ಕೆ, ಬಟ್ ಮೇಲಕ್ಕೆ, ಅದರ ಮೇಲೆ ಹೆಲ್ಮೆಟ್. ಮನೆಯ ಕೋವಿ ಕೊಡುತ್ತೇನೆ ಎಂದು ಇಬ್ಬರು ಮುಂದೆ ಬಂದರು. ಕೊಡಗಿನವರಿಗೆ ಕೋವಿ ಎಂದರೆ ಏನೆಂದು ಹೊರಗಿನವರಿಗೆ ಬಿಡಿಸಿ ಹೇಳಬೇಕಾದೀತು, ನಮಗೆ ಬೇಕಿಲ್ಲ. ಆದರೆ ನಿಜವಾದ ಕೋವಿಯನ್ನು ಬಯಲಲ್ಲಿ ಬಿಡುವಂತಿಲ್ಲ. ಅದೂ ಅಲ್ಲದೆ ಇದು ಸಿಪಾಯಿಯ ಬಂದೂಕು ಆಗಬೇಕು.

ಮೊದಲು ಸಿದ್ಧ ಮಾಡಿಟ್ಟ ಫೈಬರ್ ಪ್ರತಿಕೃತಿ ತರಿಸಿದೆವು, 8,500 ರೂಪಾಯಿ. ಪೆಟ್ಟಿಗೆ ಬಿಚ್ಚಿದ ಕೂಡಲೇ ಎಲ್ಲರ ಮುಖ ಇಳಿಯಿತು. ಉದ್ದ 36 ಇಂಚು. ಮ್ಯಾಗಜೀನ್ ಬಾಗಿಕೊಂಡಿತ್ತು. ಯಾವ ಬಂದೂಕು ಎಂದು ಕೇಳಿದರೆ ಯಾರೂ ಹೇಳಲಾಗದಂಥದ್ದು. ವರ್ಷಗಟ್ಟಲೆ ನಿಜವಾದ ಬಂದೂಕನ್ನು ದಿನಾ ಬಿಚ್ಚಿ ಒರೆಸಿದ ಕೈಗಳಿಗೆ ಅದು ಆಟಿಕೆ. ಪರೀಕ್ಷೆಗೆಂದು ಸೂರಿನ ಹೊರಗೆ ಎರಡು ವಾರ ಇಟ್ಟೆವು, ಬಣ್ಣ ಬೊಬ್ಬೆ ಎದ್ದು ಸುಲಿಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮಲ್ಲಿ ಇಎಂಇಯಿಂದ (ಸೇನೆಯ ಯಂತ್ರ, ಆಯುಧ ರಿಪೇರಿ ವಿಭಾಗ) ಬಂದ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವರು, ಒಬ್ಬರಿದ್ದಾರೆ, ವಯಸ್ಸು 74. ‘ಎಸ್‌ಎಲ್‌ಆರ್ ಮಾಡೋಣ’ ಎಂದರು. ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, 1971ರಲ್ಲಿ ನಮ್ಮವರ ಕೈಯಲ್ಲಿದ್ದದ್ದು ಅದು, ದಿಲ್ಲಿಯ ಇಂಡಿಯಾ ಗೇಟಿನ ಕೆಳಗೆ 1972ರಲ್ಲಿ ಅಮರ್ ಜವಾನ್ ಎಂದು ನಿಲ್ಲಿಸಿದ್ದೂ ಅದೇ. ಉದ್ದ 45 ಇಂಚು ಎಂದು ಪುಸ್ತಕ ನೋಡದೆ ಹೇಳಿದರು. ಒಣಗಿದ ಹಲಸಿನ ಹಲಗೆ ತೆಗೆದುಕೊಂಡು 7 ವಾರ ಕೂತು ಮರದ ಅಚ್ಚು ಕೆತ್ತಿದರು. ಕ್ಯಾರಿಯಿಂಗ್ ಹ್ಯಾಂಡಲ್, ಫ್ಲ್ಯಾಶ್ ಹೈಡರ್‌ನ ಸೀಳು, ಗ್ಯಾಸ್ ಪ್ಲಗ್, ಬಟ್ ಪ್ಲೇಟಿನ ಸ್ಕ್ರೂ, ಎಲ್ಲ ನೆನಪಿನಿಂದ. ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿಂದ ಸವರಿ ‘ಇಲ್ಲಿ ಇನ್ನೂ ಒಂದು ನೂಲು ಹೋಗಬೇಕು’ ಎಂದು ಉಳಿ ಹಿಡಿಯುತ್ತಿದ್ದರು. ಎರಕದಲ್ಲಿ ಲೋಹ ಕುಗ್ಗುತ್ತದೆಂದು ಅಚ್ಚನ್ನು ಮುಕ್ಕಾಲು ಇಂಚು ಉದ್ದ ಮಾಡಿದ್ದರು. ಮೈಸೂರಿನಲ್ಲಿ ಕಂಚಿನಲ್ಲಿ ಎರಕ ಹೊಯ್ಯಿಸಿದೆವು. ಬಂದೂಕು ಹೆಲ್ಮೆಟ್ ಸೇರಿ 23 ಕಿಲೊ, ಕಿಲೊಗೆ ಕೂಲಿ ಸೇರಿ 1,200, ಒಟ್ಟು 27,600. ಬಂದ ಮೇಲೆ ಟೇಪ್ ಹಿಡಿದೆವು. 45 ಇಂಚು, ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಂತ 6. ಕಲ್ಲು ಮತ್ತು ಅಕ್ಷರ (ಅಕ್ಟೋಬರ್)

ಚಾಮರಾಜನಗರ ಕಡೆಯ ಕರಿಕಲ್ಲು. ನಿಲ್ಲುವ ಕಲ್ಲು 6 ಅಡಿ ಎತ್ತರ, 3 ಅಡಿ ಅಗಲ, 6 ಇಂಚು ದಪ್ಪ, ತೂಕ ಸುಮಾರು 750 ಕಿಲೊ, ಬೆಲೆ 58,000. ಹೆಸರಿನ ಫಲಕ ಎರಡು, 3 ಅಡಿಗೆ 2 ಅಡಿ, ಎರಡಿಂಚು ದಪ್ಪ, ತಲಾ 9,500. ಸಾಗಣೆ 8,500. ಅಕ್ಷರ ಕೊರೆಯಲು 14,000.

ನನ್ನ ಎರಡನೇ ತಪ್ಪು ಇಲ್ಲಿ. ಇದು ಪಾಯದ ತಪ್ಪಿಗಿಂತ ದೊಡ್ಡದು ಎಂದು ನಾನು ಎಣಿಸುತ್ತೇನೆ.

ಕನ್ನಡ ಪಟ್ಟಿಯನ್ನು ನಾನು ವಾಟ್ಸಾಪ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. ಕಲ್ಲಿನ ಕೆಲಸದವರ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್. ಹುಡುಗ ಪರಿವರ್ತಿಸಿದ. ಎಲ್ಲೆಲ್ಲಿ ಒಡೆಯಿತೋ ಅಲ್ಲಲ್ಲಿ ಕೈಯಿಂದ ತಿದ್ದಿದ. ‘ರೆಜಿಮೆಂಟ್‌ನ’ ಎಂಬುದು ‘ರೆಜಿಮೆಂಟ್ನ’ ಆಯಿತು. ‘ಸಮರ್ಪಣೆ’ಯ ಅರ್ಕಾವೊತ್ತು ಹಾರಿಹೋಯಿತು. 1971ರವರ ಹೆಸರಿನ ಮೂರನೇ ಅಕ್ಷರದ ಒತ್ತು ಬಿದ್ದುಹೋಯಿತು. ಅವನು ಫೋಟೊ ಕಳಿಸಿದ್ದು ರಾತ್ರಿ ಹತ್ತೂವರೆಗೆ. ನಾನೊಬ್ಬನೇ ಫೋನಿನಲ್ಲಿ ನೋಡಿದೆ. ‘ಸಮರ್ಪಣೆ’ ಕಂಡಿತು, ತಿದ್ದಿಸಿದೆ. ಮಿಕ್ಕ ಎರಡು ಕಾಣಲಿಲ್ಲ. ‘ಓಕೆ’ ಎಂದು ಬರೆದು ಕಳಿಸಿದೆ. ಬೆಳಿಗ್ಗೆ ಕೊರೆದಾಗಿತ್ತು.

ಫಲಕ ಊರಿಗೆ ಬಂದ ದಿನ ಆ ಯೋಧರ ಅಕ್ಕನನ್ನು ಕರೆತಂದು ತೋರಿಸಿದೆವು. ವಯಸ್ಸು 83. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಮೂರನೆಯದಕ್ಕೆ ಬೆರಳು ನಿಂತಿತು. ‘ಇದು ನನ್ನ ತಮ್ಮನ ಹೆಸರಲ್ಲ ಮಗಾ’ ಎಂದರು. ಬೈಯಲಿಲ್ಲ, ಅಳಲಿಲ್ಲ. ಮನೆಗೆ ಹೋಗಿ ಒಂದು ಇನ್‌ಲ್ಯಾಂಡ್ ಪತ್ರ ತಂದರು. ನೀಲಿ ಬಣ್ಣ ಮಾಸಿ ಬೂದಿಯಾಗಿದೆ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಬಟ್ಟೆ ಅಂಟಿಸಿದ್ದಾರೆ. ವಿಳಾಸದ ಜಾಗದಲ್ಲಿ ‘56 ಎಪಿಒ’, ಸೇನೆಯ ಅಂಚೆ ಕಚೇರಿ. ಒಳಗೆ ಮನೆಗೆ ಕಳಿಸಿದ ಮನಿಯಾರ್ಡರ್ ವಿಷಯ, ಹಸು ಕರು ಹಾಕಿತಾ ಎಂಬ ಪ್ರಶ್ನೆ. ಕೊನೆಯಲ್ಲಿ ಕನ್ನಡದಲ್ಲಿ ಸಹಿ. ಮೂರನೇ ಅಕ್ಷರದ ಒತ್ತನ್ನು ಅವರು ಕೆಳಗೆ ಉದ್ದಕ್ಕೆ ಎಳೆದು ಬಾಲ ಬಿಟ್ಟಿದ್ದಾರೆ, ಅದನ್ನು ಬರೆಯುವುದೇ ಖುಷಿ ಎನ್ನುವ ಹಾಗೆ. ನಾನು ‘ತಪ್ಪಾಯ್ತು ದೊಡ್ಡಮ್ಮ’ ಎಂದೆ. ‘ತಿದ್ದಿಸು’ ಎಂದರು, ಅಷ್ಟೇ.

ಕೊರೆದ ಅಕ್ಷರಕ್ಕೆ ಒತ್ತು ಸೇರಿಸಬಹುದು ಎಂದು ಕೆಲಸದವರು ಹೇಳಿದರು. ಕೆಳಗಿನ ಸಾಲಿಗೆ ತಾಗುತ್ತಿತ್ತು. ಹೊಸ ಕಲ್ಲು 9,500, ಮತ್ತೆ ಕೊರೆತ 4,500. ಒಟ್ಟು 14,000.

ಎರಡನೇ ಸಲ ಮಾಡಿದ ಕ್ರಮ ಹೀಗೆ, ಇದನ್ನು ದಯವಿಟ್ಟು ಹೀಗೇ ಮಾಡಿ. ಕಲ್ಲಿನಷ್ಟೇ ದೊಡ್ಡ ಕಾಗದದಲ್ಲಿ ಪ್ರಿಂಟ್ ತೆಗೆಸಿದೆವು, 180 ರೂಪಾಯಿ. ಶಾಲೆಯ ಗೋಡೆಗೆ ಅಂಟಿಸಿ ಹಗಲು ಬೆಳಕಿನಲ್ಲಿ ಏಳೂ ಮನೆಯವರನ್ನು ಕರೆದು, ಅವರವರ ಸಾಲನ್ನು ಅವರೇ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಸಹಿ ಹಾಕುವ ಹಾಗೆ ಮಾಡಿದೆವು. ಸೇವಾ ಸಂಖ್ಯೆಯನ್ನು ಒಬ್ಬರು ಹಿಂದಿನಿಂದ ಮುಂದಕ್ಕೆ ಓದಿದರು, ಇನ್ನೊಬ್ಬರು ದಾಖಲೆ ಹಿಡಿದು ನೋಡಿದರು. ಕನ್ನಡ ಶಿಕ್ಷಕಿ ಒತ್ತು, ದೀರ್ಘ, ಅರ್ಕಾವೊತ್ತು ನೋಡಿದರು. ಕೆಲಸದ ಹುಡುಗನಿಗೆ ಪಠ್ಯ ಕಳಿಸದೆ ಪಿಡಿಎಫ್ ಕೊಟ್ಟೆವು. ಅಕ್ಷರ ಮತ್ತೆ ಪರಿವರ್ತನೆ ಆಗುವ ಪ್ರಶ್ನೆಯೇ ಬರಲಿಲ್ಲ. ಆ ಕಾಗದ ಸಹಿಗಳ ಸಮೇತ ಈಗ ಸಂಘದ ಬೀರುವಿನಲ್ಲಿದೆ.

ಅಕ್ಷರಕ್ಕೆ ಚಿನ್ನದ ಬಣ್ಣ ತುಂಬಿಸಲಿಲ್ಲ. ನಮ್ಮ ಮಳೆಗೆ ಅದು ಒಂದೆರಡು ವರ್ಷದಲ್ಲಿ ಉದುರಿ ಅರ್ಧ ಅಕ್ಷರ ಉಳಿಯುತ್ತದೆ. ಕರಿಕಲ್ಲು ಕೊರೆದರೆ ಒಳಗೆ ತಾನೇ ಬೂದುಬಿಳಿ. 3 ಮಿಲಿಮೀಟರ್ ಆಳ ಕೊರೆಸಿದೆವು.

ಹಂತ 7. ಕಲ್ಲು ನಿಲ್ಲಿಸಿದ್ದು (ನವೆಂಬರ್ 22, 23)

ಪೀಠದ ಮೇಲೆ ಎರಡಿಂಚು ಆಳದ ಕುಳಿ ಬಿಟ್ಟಿದ್ದೆವು. ಅದರಲ್ಲಿ 16 ಮಿಲಿಮೀಟರ್ ಸ್ಟೇನ್‌ಲೆಸ್ ಸರಳು ನಾಲ್ಕು, ಪೀಠದೊಳಕ್ಕೆ 8 ಇಂಚು, ಕಲ್ಲಿನೊಳಕ್ಕೆ 6 ಇಂಚು. ರಂಧ್ರ ಹೊಂದಲಿ ಎಂದು ಪ್ಲೈವುಡ್‌ನಲ್ಲಿ ಮಾದರಿ ಮಾಡಿ ಕಲ್ಲಿನವರಿಗೆ ಕೊಟ್ಟಿದ್ದೆ. ಪೀಠದ ಮೇಲೆ ಇಟ್ಟ ಮುಖವನ್ನೇ ಮೇಲೆ ಮಾಡಿ ಅವರು ಕಲ್ಲಿನ ತಳಕ್ಕೆ ಗುರುತು ಹಾಕಿದರು. ಎಡದ್ದು ಬಲಕ್ಕಾಯಿತು. ಎರಡು ರಂಧ್ರ ಒಂದೂವರೆ ಇಂಚು ಆಚೆ. ಪೀಠದಲ್ಲಿ ಹೊಸದಾಗಿ ಎರಡು ಕೊರೆದು ಹಳೆಯದನ್ನು ಎಪಾಕ್ಸಿಯಿಂದ ಮುಚ್ಚಬೇಕಾಯಿತು. ಮಾದರಿಯ ಒಂದು ಮುಖಕ್ಕೆ ‘ಪೀಠದ ಕಡೆ’, ಇನ್ನೊಂದಕ್ಕೆ ‘ಕಲ್ಲಿನ ಕಡೆ’ ಎಂದು ಬರೆದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಎತ್ತಲು ಮೂರು ಸಿಲ್ವರ್ ಓಕ್ ಮರ ಕಟ್ಟಿ ಮುಕ್ಕಾಲಿ ಮಾಡಿದೆವು, ಎಂಇಜಿಯಲ್ಲಿ ಕಲಿತ ಕಟ್ಟೇ. ಹಗ್ಗದ ಕಟ್ಟು ಸರಿಯಿತ್ತು, ಮರ ಸರಿಯಿರಲಿಲ್ಲ. ಕಲ್ಲು ಅರ್ಧ ಅಡಿ ಎದ್ದಾಗ ಒಂದು ಮರ ಕಟ್ಟಿನ ಕೆಳಗೆ ಸೀಳಿತು. ಸದ್ದು ಕೇಳಿದ ಕೂಡಲೇ ನಿಧಾನಕ್ಕೆ ಇಳಿಸಿದೆವು. ಕಲ್ಲಿನ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು ಎಂಬ ಆರ್ಡರ್ ಮೊದಲೇ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮಾರನೇ ದಿನ ಬೋರ್‌ವೆಲ್ ಪಂಪ್ ಎತ್ತುವವರ ಕಬ್ಬಿಣದ ಮುಕ್ಕಾಲಿ ಮತ್ತು 2 ಟನ್ ಚೈನ್ ಬ್ಲಾಕ್ ಬಾಡಿಗೆಗೆ ತಂದೆವು, 1,500 ರೂಪಾಯಿ. ಮೊದಲೇ ತರಬೇಕಿತ್ತು. ಪಟ್ಟೆ ಹಾಕುವ ಕಡೆ ಕಲ್ಲಿನ ಅಂಚಿಗೆ ಹಳೆಯ ಕಂಬಳಿ ಸುತ್ತಿದೆವು. ಬೆಳಿಗ್ಗೆ 9ಕ್ಕೆ ಶುರು, 11:40ಕ್ಕೆ ಕಲ್ಲು ಸರಳಿನ ಮೇಲೆ ಕೂತಿತು. ತೂಗುಗುಂಡು ಹಿಡಿದು, ಬೆಣೆ ಹೊಡೆದು, ಎರಡೂ ಕಡೆ ನೇರ ಮಾಡಿ, ಎಪಾಕ್ಸಿ ಮತ್ತು ಗಾರೆ ತುಂಬಿದೆವು. ಎಪಾಕ್ಸಿಯನ್ನು ಒಮ್ಮೆಗೇ ಪೂರ್ತಿ ಕಲಸಬೇಡಿ, ಡಬ್ಬದಲ್ಲೇ 20 ನಿಮಿಷಕ್ಕೆ ಕಲ್ಲಾಗುತ್ತದೆ. ನಮ್ಮದು ಒಂದು ಡಬ್ಬ ಹಾಗೆ ಹೋಯಿತು.

ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಮುಟ್ಟಿಸಬೇಡಿ. ಒಬ್ಬ ಆಳು ಒಳ್ಳೆಯ ಮನಸ್ಸಿನಿಂದಲೇ ಹಿಂಬದಿಯ ಕೆಳಮೂಲೆಗೆ ಹಾಕಿದ. ಅಂಗೈಯಗಲ ಪಾಲಿಶ್ ಮಂಕಾಯಿತು, ಮತ್ತೆ ಬರಲಿಲ್ಲ. ನೀರು, ನೈಲಾನ್ ಬ್ರಶ್, ತಾಳ್ಮೆ ಸಾಕು.

ಸರಳು, ಎಪಾಕ್ಸಿ, ಡ್ರಿಲ್, ಬಾಡಿಗೆ ಎಲ್ಲ ಸೇರಿ 11,200. ಧ್ವಜಸ್ತಂಭ, ಸುತ್ತಲಿನ ಕಂಬ, ಸರಪಳಿ 19,800.

ಹಂತ 8. ಡಿಸೆಂಬರ್ 16

1971ರಲ್ಲಿ ಢಾಕಾದಲ್ಲಿ ಶರಣಾಗತಿಯಾದ ದಿನ. ಮುಸುಕು ತೆಗೆದವರು ಆ 83ರ ದೊಡ್ಡಮ್ಮ. ಭಾಷಣ ಇರಲಿಲ್ಲ. ಎನ್‌ಸಿಸಿ ಮಕ್ಕಳು ‘ಶೋಕ್ ಶಸ್ತ್ರ್’ (ಬಂದೂಕು ತಲೆಕೆಳಗೆ ಹಿಡಿದು ಶೋಕ ಸೂಚಿಸುವ ಡ್ರಿಲ್) ಮಾಡಿದರು. ಸುಬೇದಾರ್ ಸಾಬ್ ಏಳು ಹೆಸರು ಓದಿದರು, ಪ್ರತಿ ಹೆಸರಿಗೂ ಶಾಲೆಯ ಒಂದೊಂದು ಮಗು ‘ಹಾಜರ್’ ಎಂದಿತು. ಆ ಯೋಚನೆ ಶಿಕ್ಷಕಿಯದು. ಬ್ಯೂಗಲ್ ಊದಲು ನಮ್ಮಲ್ಲೇ ಒಬ್ಬರಿದ್ದರು, 19 ವರ್ಷದಿಂದ ಊದಿರಲಿಲ್ಲ, ಒಂದು ತಿಂಗಳು ತೋಟದಲ್ಲಿ ಅಭ್ಯಾಸ ಮಾಡಿ, ಮಡಿದವರಿಗೆ ಊದುವ ‘ಲಾಸ್ಟ್ ಪೋಸ್ಟ್’ ನುಡಿಸಿದರು. ದೊಡ್ಡಮ್ಮ ಫಲಕದ ಹತ್ತಿರ ಹೋಗಿ ಮೂರನೇ ಅಕ್ಷರದ ಕೆಳಗೆ ಬೆರಳಿಟ್ಟು, ಒತ್ತು ಇದೆ ಎಂದು ಖಾತ್ರಿಯಾದ ಮೇಲೆ ಹೂವಿಟ್ಟರು.

ಲೆಕ್ಕ

ಬಂದದ್ದು 2,93,000. ಹೋದದ್ದು 2,98,500. ಮೊದಲ ಪಾಯ 31,400, ಎರಡನೇ ಸಲದ ಫಲಕ 14,000, ಫೈಬರ್ ಬಂದೂಕು 8,500, ಇವು ತಪ್ಪಿನ ಲೆಕ್ಕ. ಕಡಿಮೆ ಬಿದ್ದ 5,500 ನಾನು ಹಾಕಿದೆ. ಶ್ರಮದಾನ, ಊಟ, ಟ್ರ್ಯಾಕ್ಟರ್ ಡೀಸೆಲ್, 180 ರೂಪಾಯಿಯ ಪ್ರಿಂಟ್ ಇದರಲ್ಲಿಲ್ಲ.

ಬಾಕಿ ಇರುವ ಕೆಲಸ

ಬರ್ಮಾದವರ ಸೇವಾ ಸಂಖ್ಯೆ ಪದಕದ ಅಂಚಿನಲ್ಲಿ ಒಂದು ಇದೆ, ರಂಗೂನ್ ಸ್ಮಾರಕದ ಪಟ್ಟಿಯಲ್ಲಿ ಒಂದು ಅಂಕಿ ಬೇರೆ ಇದೆ. ಮೂರನೇ ಪತ್ರ ಅದರ ಬಗ್ಗೆ, ಉತ್ತರ ಇನ್ನೂ ಬಂದಿಲ್ಲ. ಅಂದಾಜಿನ ಮೇಲೆ ಕೊರೆಯುವುದಿಲ್ಲ ಎಂದು ಎರಡೂ ಫಲಕದಲ್ಲಿ ಅವರ ಹೆಸರಿನ ಮುಂದೆ ನಾಲ್ಕು ಇಂಚು ಖಾಲಿ ಬಿಟ್ಟಿದ್ದೇವೆ. ಕೊರೆಯುವವರು ಉಪಕರಣ ತಂದು ಇಲ್ಲೇ ಕೊರೆದುಕೊಡಲು ಒಪ್ಪಿದ್ದಾರೆ. ಪೀಠದ ಬಲಗಡೆ ಕಲ್ಲಿನ ಸಂದಿಯಲ್ಲಿ ಗಾರೆ ಕೂದಲೆಳೆಯಷ್ಟು ಬಿಟ್ಟಿದೆ, ಜೂನ್ ಒಳಗೆ ತುಂಬಬೇಕು.

ಈ ವರ್ಷದ ಹೂಮಳೆ ಮಾರ್ಚ್ 19ಕ್ಕೆ ಬಂತು. 21ರ ಬೆಳಿಗ್ಗೆ ಆರ್ಮರರ್ ಮತ್ತು ನಾನು ಟ್ಯೂಬ್ ಹಿಡಿದೆವು. ನಾಲ್ಕು ಮೂಲೆ, ವ್ಯತ್ಯಾಸ ಸೊನ್ನೆ.